ತಿದ್ದಿದ ದಾಖಲೆ

ನಂದಿಬೆಟ್ಟದಲ್ಲಿ ನಾನು ಮೊದಲು ಕಂಡ ಪೆರೆಗ್ರಿನ್ ಫಾಲ್ಕನ್, ಪೆರೆಗ್ರಿನ್ ಆಗಿರಲೇ ಇಲ್ಲ. ಗೊತ್ತಾಗಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಹೆಸರು, ತಾರೀಖು, ಸಂಖ್ಯೆ 1 ಎಂಬ ನನ್ನ ನಮೂದು ಪಕ್ಷಿವೀಕ್ಷಕರ ಆನ್‌ಲೈನ್ ಪಟ್ಟಿ ಸೇರಿ ತಣ್ಣಗೆ ಕೂತಿತ್ತು.

ಅವತ್ತು ಕಂಡದ್ದಿಷ್ಟೆ: ಬಂಡೆಯಂಚಿನ ಆಚೆ, ಎದುರುಗಾಳಿಗೆ ರೆಕ್ಕೆ ಬಡಿಯುತ್ತ ಒಂದೇ ಕಡೆ ನಿಂತಿದ್ದ ಹಕ್ಕಿ. ಚೂಪು ರೆಕ್ಕೆ ನೋಡಿದರೆ ಚಾಣವೇ. ನಂದಿಯ ಬಂಡೆಗಳಲ್ಲಿ ಶಾಹೀನ್ ಇದೆಯೆಂದು ಓದಿಕೊಂಡು ಹೋಗಿದ್ದೆ, ಓದಿದ್ದನ್ನೇ ಕಂಡೆ. ಹಸ್ತಪ್ರತಿ ಓದುವವರಿಗೆ ಈ ಕಾಯಿಲೆ ಗೊತ್ತು. ಮನಸ್ಸಿನಲ್ಲಿರುವ ಪದ ಓಲೆಗರಿಯ ಮೇಲೂ ಮೂಡಿಬಿಡುತ್ತದೆ. ನನ್ನ ಪಿಎಚ್‌ಡಿಯ ಅರ್ಧ ಕೆಲಸ ಲಿಪಿಕಾರರ ಅಂಥ ತಪ್ಪುಗಳನ್ನು ಹಿಡಿಯುವುದೇ!

ಲ್ಯಾಪ್‌ಟಾಪ್ ಖಾಲಿ ಮಾಡುವಾಗ ಹಳೆಯ ಮಸುಕು ಫೋಟೊ ಸಿಕ್ಕಿತು. ಇಟ್ಟಿಗೆ ಬಣ್ಣದ ಬೆನ್ನು, ಉದ್ದ ಬಾಲ. ಕೆಸ್ಟ್ರೆಲ್. ಗಾಳಿಯಲ್ಲಿ ನಿಂತು ನೆಲದ ಮೇಲಿನ ಇಲಿ, ಮಿಡತೆ ಹುಡುಕುವುದು ಅದರ ರೂಢಿ. ಪೆರೆಗ್ರಿನ್‌ನ ಉಪಜಾತಿಯಾದ ಶಾಹೀನ್ ಬೇಟೆಯಾಡುವುದು ಆಕಾಶದಲ್ಲಿ, ಹಾರುವ ಹಕ್ಕಿಗಳನ್ನು. ಎದೆ ದಪ್ಪ, ಬಾಲ ಗಿಡ್ಡ, ಬೆನ್ನು ಕಡುಬೂದು, ಹೊಟ್ಟೆ ಕೆಂಗಂದು. ತಲೆಯ ಕಪ್ಪು ಕೆನ್ನೆಗೆ ಇಳಿದು ಮೀಸೆಯಂತೆ ಕಾಣುತ್ತದೆ. ರೆಕ್ಕೆ ಮಡಚಿ ಎರಗುವಾಗ ಪೆರೆಗ್ರಿನ್ ವೇಗ ಗಂಟೆಗೆ 300 ಕಿ.ಮೀ. ದಾಟುತ್ತದೆ.

ಪೆರೆಗ್ರಿನ್ ಎಂಬ ಹೆಸರಿನ ಲ್ಯಾಟಿನ್ ಮೂಲಕ್ಕೆ ಅಲೆಮಾರಿ ಎಂಬ ಅರ್ಥವಿದೆ. ಉತ್ತರದ ಶೀತನಾಡುಗಳಿಂದ ಚಳಿಗಾಲಕ್ಕೆ ನಮ್ಮ ಕೆರೆಗಳ ಕಡೆ ಬರುವ ತಿಳಿಬಣ್ಣದ ಪೆರೆಗ್ರಿನ್‌ಗೆ ಅದು ಸರಿ. ಶಾಹೀನ್ ಮಾತ್ರ ಇಲ್ಲಿಯದೇ. ಕಡ್ಡಿ ತಂದು ಗೂಡು ಕಟ್ಟುವುದಿಲ್ಲ, ಕಡಿದಾದ ಬಂಡೆಯ ಚಾಚಿನ ಮೇಲೇ ಮೊಟ್ಟೆ ಇಡುತ್ತದೆ. ಚಿಕ್ಕಬಳ್ಳಾಪುರದ ಸುತ್ತ ಬೆಟ್ಟ ಒಡೆಯುವ ಕ್ವಾರಿಗಳನ್ನು ನೋಡಿದವರಿಗೆ ಆ ಬಂಡೆಯ ಬೆಲೆ ಹೇಳಬೇಕಿಲ್ಲ. ಹಕ್ಕಿ ಇದೆ ಎಂದು ಯಾರೋ ಒಂದು ದಿನ ವಾದಿಸಬೇಕಾದಾಗ ಕೈಯಲ್ಲಿರುವುದು ಇಂಥ ಪಟ್ಟಿಗಳೇ. ಅದರೊಳಗೆ ನನ್ನ ಕೆಸ್ಟ್ರೆಲ್!

ಮತ್ತೆ ಹೋದೆ. ಮೂರು ಭಾನುವಾರ ಮಂಜು, ಸೆಲ್ಫಿ, ಗದ್ದಲ. ನಾಲ್ಕನೆಯ ಸಲ ವಾರದ ದಿನ ಹೋಗಿ ಆಕಾಶಕ್ಕೆ ಬೈನಾಕ್ಯುಲರ್ ಹಿಡಿದು ಕತ್ತು ನೋಯಿಸಿಕೊಳ್ಳುತ್ತಿದ್ದಾಗ, ಸೌತೆಕಾಯಿ ಮಾರುವ ಅಜ್ಜಿ ಅಂದರು: “ಮೇಲೆ ಯಾಕಮ್ಮ ನೋಡ್ತೀಯ? ಪಾರಿವಾಳ ನೋಡು. ಎಲ್ಲಾ ಒಟ್ಟಿಗೆ ಎದ್ದವು ಅಂದ್ರೆ ಅದು ಬಂತು ಅಂತ್ಲೇ.”

ಯಾವ ಕೈಪಿಡಿಯಲ್ಲೂ ನನಗೆ ಸಿಗದಿದ್ದ ಸೂಚನೆ. ಹತ್ತೂವರೆಗೆ ಬಂಡೆಯ ಬಿರುಕುಗಳಿಂದ ಪಾರಿವಾಳಗಳೆಲ್ಲ ಒಮ್ಮೆಲೇ ಚೆಲ್ಲಿಹೋದವು. ಅವುಗಳ ಮೇಲೆ ಕಪ್ಪು ಲಂಗರಿನಂಥದ್ದೊಂದು ಬೀಸುತ್ತ ಬಂತು. ಎರಗಲಿಲ್ಲ. ಅವಸರವಿಲ್ಲದೆ ತಿರುಗಿ, ಕೆಂಗಂದು ಹೊಟ್ಟೆಗೆ ಬಿಸಿಲು ಹಿಡಿದು, ಬಂಡೆಯ ಮರೆಗೆ ಇಳಿಯಿತು. ಕ್ಯಾಮೆರಾ ಚೀಲದಲ್ಲೇ ಇತ್ತು.

ಸಂಜೆ ಹಳೆಯ ನಮೂದನ್ನು ಕೆಸ್ಟ್ರೆಲ್ ಎಂದು ತಿದ್ದಿದೆ. ಹೊಸದರಲ್ಲಿ ಬರೆದೆ: ಶಾಹೀನ್, 1, ಫೋಟೊ ಇಲ್ಲ, ಮೀಸೆ ಸ್ಪಷ್ಟ, ಪಾರಿವಾಳಗಳು ಎದ್ದವು. ಪರಿಶೀಲಕರು ಇನ್ನೂ ಒಪ್ಪಿಲ್ಲ.