ಅಖಾಡ ಬಿಟ್ಟು ಬಂದವರ ದಂಡು

ಗ್ಲಾಡಿಯೇಟರ್ ಒಂಟಿ ಮನುಷ್ಯ. ಎದುರಿಗೊಬ್ಬ ಆಳು, ಕಾಲ ಕೆಳಗೆ ಮರಳು, ಸುತ್ತ ಕೂಗುವ ಜನ, ಇಷ್ಟೇ ಅವನ ಲೋಕ. ಪಕ್ಕದಲ್ಲಿ ಯಾರಿದ್ದಾರೆಂದು ನೋಡುವ ಅಭ್ಯಾಸ ಅವನಿಗಿಲ್ಲ. ಸೈನಿಕ ಬದುಕುವುದೋ ಪಕ್ಕದವನ ಗುರಾಣಿಯನ್ನು ನಂಬಿ. ಒಂದಾಳಿನ ಜೊತೆ ಕಾದಾಡಲು ಪಳಗಿದವರನ್ನೆಲ್ಲ ಸೇರಿಸಿ ಒಂದು ದಂಡು ಕಟ್ಟಿದರೆ ಅದು ಹೇಗಿದ್ದೀತು? ಮೇಜಿನ ಮೇಲೆ ಪುಟ್ಟ ಪ್ರತಿಮೆಗಳನ್ನಿಟ್ಟು ಯುದ್ಧ ಆಡುವ ನನಗೆ ಈ ಪ್ರಶ್ನೆ ಹಿಡಿದ ಮೇಲೆ ಬೇರೆ ಯಾವ ಸೈನ್ಯವೂ ರುಚಿಸಲಿಲ್ಲ.

ಆಡುವುದು ಹಳೆಯ, ಚಿಕ್ಕ, ಅಚ್ಚುಕಟ್ಟಾದ ಆಟ. ಇಂಗ್ಲೆಂಡಿನ ಫಿಲ್ ಬಾರ್ಕರ್ ಮತ್ತು ಸಂಗಡಿಗರು 1990ರಲ್ಲಿ ಹೊರತಂದ 'ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್', ಆಡುವವರ ಬಾಯಲ್ಲಿ ಡಿಬಿಎ. ಒಂದು ಸೈನ್ಯಕ್ಕೆ 12 ತುಕಡಿ, ಅಷ್ಟೇ. ನಾನು ಕೆಲಸ ಮಾಡುವ 28 ಮಿ.ಮೀ. ಅಳತೆಯಲ್ಲಿ ಒಂದು ತುಕಡಿಯೆಂದರೆ 60 ಮಿ.ಮೀ. ಅಗಲದ ಹಲಗೆ, ಅದರ ಮೇಲೆ ಮೂರು ನಾಲ್ಕು ಆಳು. ಎದುರಾಳಿಯ ನಾಲ್ಕು ತುಕಡಿಗಳನ್ನು ಮೊದಲು ಕಳಚಿದವನು ಗೆದ್ದ. ಸಂಜೆ ಕೂತರೆ ಊಟದ ಹೊತ್ತಿಗೆ ಯುದ್ಧ ಮುಗಿಯುತ್ತದೆ. ಆದರೆ ಆ 12 ಹಲಗೆಗಳನ್ನು ಸಿದ್ಧಮಾಡುವುದಕ್ಕೆ ಬೇಕಾಗುವ ಸಮಯವೇ ಬೇರೆ, ಅದರ ಸುಖವೇ ಬೇರೆ.

ಗ್ಲಾಡಿಯೇಟರ್ ಸೈನ್ಯ ಎಂದಕೂಡಲೇ ಎಲ್ಲರೂ ಕಟ್ಟುವುದು ಅಖಾಡದ ಮೆರವಣಿಗೆಯನ್ನು. ಮಿರುಗುವ ಶಿರಸ್ತ್ರಾಣ, ಗರಿ, ಬಲೆ, ತ್ರಿಶೂಲ. ನೋಡಲು ಚೆಂದ, ಒಪ್ಪುತ್ತೇನೆ. ನನ್ನನ್ನು ಹಿಡಿದಿಟ್ಟದ್ದು ಮಾತ್ರ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದ, ಗುಲಾಮರ ದಂಗೆಯ ನಾಯಕ ಸ್ಪಾರ್ಟಕಸ್‌ನ ಕಥೆಯಲ್ಲಿನ ಒಂದು ಸಣ್ಣ ಸಂಗತಿ. ಕ್ರಿ.ಪೂ. 73ರಲ್ಲಿ ಇಟಲಿಯ ಕಪುವಾದಲ್ಲಿ, ಲೆಂಟುಲಸ್ ಬಟಿಯಾಟಸ್ ಎಂಬವನ ಗ್ಲಾಡಿಯೇಟರ್ ಶಾಲೆಯಿಂದ ಇನ್ನೂರು ಜನ ಓಡಿಹೋಗುವ ಸಂಚು ಹೂಡಿದರು. ಗುಟ್ಟು ರಟ್ಟಾಯಿತು. ತಪ್ಪಿಸಿಕೊಂಡವರು 78 ಮಂದಿ. ಕೈಗೆ ಸಿಕ್ಕಿದ್ದು ಅಡುಗೆಮನೆಯ ಚೂರಿ, ಮಾಂಸ ಸುಡುವ ಸಲಾಕೆ. ದಾರಿಯಲ್ಲಿ, ಇನ್ನೊಂದು ಊರಿಗೆ ಗ್ಲಾಡಿಯೇಟರ್‌ಗಳ ಆಯುಧ ಹೇರಿಕೊಂಡು ಹೊರಟಿದ್ದ ಗಾಡಿಗಳು ಎದುರಾದವು, ಅವನ್ನು ದೋಚಿಕೊಂಡರು. ಆಮೇಲೆ ಕಪುವಾದಿಂದ ಬೆನ್ನಟ್ಟಿ ಬಂದ ಪಡೆಯನ್ನು ಬಗ್ಗುಬಡಿದು ನಿಜವಾದ ಯುದ್ಧದ ಆಯುಧಗಳು ದಕ್ಕಿದಾಗ, ಅಖಾಡದ ಆಯುಧಗಳು ತಮಗೆ ಅವಮಾನವೆಂದು ಸಂತೋಷದಿಂದಲೇ ಬಿಸಾಡಿದರು.

ಹಾಗಾದರೆ ಈ ದಂಡಿನ ಕಥೆಯೇ ಅಖಾಡದ ಗುರುತುಗಳನ್ನು ಒಂದೊಂದಾಗಿ ಕಳಚುತ್ತಾ ಹೋಗುವ ಕಥೆ. ನನ್ನ 12 ಹಲಗೆಗಳನ್ನು ಆ ಕ್ರಮದಲ್ಲೇ ಕಟ್ಟಿದ್ದೇನೆ. ಎರಡರಲ್ಲಿ ಚೂರಿ, ಸಲಾಕೆ ಹಿಡಿದವರು. ನಾಲ್ಕರಲ್ಲಿ ಗಾಡಿಯಿಂದ ದೋಚಿದ ಅಖಾಡದ ಆಯುಧ ತೊಟ್ಟವರು. ಮೂರರಲ್ಲಿ ದಂಡಿಗೆ ಬಂದು ಸೇರಿಕೊಂಡ ಹೊಲದಾಳುಗಳು, ಕುರುಬರು. ಎರಡರಲ್ಲಿ ಸತ್ತ ರೋಮನ್ ಸೈನಿಕರಿಂದ ಬಿಚ್ಚಿಕೊಂಡ ಕವಚ, ಗುರಾಣಿ ಹೊತ್ತವರು. ಕೊನೆಯದು ಸ್ಪಾರ್ಟಕಸ್‌ನದು. ಸಾಲಾಗಿ ನಿಲ್ಲಿಸಿದಾಗ ಎಡದಿಂದ ಬಲಕ್ಕೆ ಎರಡು ವರ್ಷದ ದಂಗೆ ಕಣ್ಣಮುಂದೆ ನಡೆದುಹೋಗಬೇಕು, ಅದು ನನ್ನ ಹಟ.

ಕೆಲಸ ಶುರುವಾಗುವುದು ಮೈಯಿಂದ. ಅಂಗಡಿಯಲ್ಲಿ ಸಿಗುವ ಗ್ಲಾಡಿಯೇಟರ್ ಪ್ರತಿಮೆಗಳೆಲ್ಲ ಈಗಿನ ಜಿಮ್‌ನಿಂದ ಎದ್ದು ಬಂದಂತಿರುತ್ತವೆ: ಹೊಟ್ಟೆಯ ಮೇಲೆ ಆರು ಗಂಟು, ಒಂದು ಚೂರೂ ಕೊಬ್ಬಿಲ್ಲ. ನಿಜವಾದ ಗ್ಲಾಡಿಯೇಟರ್‌ಗಳ ಊಟ ಬಾರ್ಲಿ ಮತ್ತು ಅವರೆ ಜಾತಿಯ ಕಾಳು. ಬಾರ್ಲಿ ತಿನ್ನುವವರು ಎಂಬ ಅಡ್ಡಹೆಸರೇ ಅವರಿಗಿತ್ತು. ಎರಡನೇ ಶತಮಾನದಲ್ಲಿ ಪೆರ್ಗಮಮ್‌ನಲ್ಲಿ ಗ್ಲಾಡಿಯೇಟರ್‌ಗಳಿಗೆ ವೈದ್ಯನಾಗಿದ್ದ ಗ್ಯಾಲೆನ್, ಈ ಕಾಳಿನೂಟದಿಂದ ಅವರ ಮಾಂಸ ಗಟ್ಟಿಯಾಗದೆ ಮೆತ್ತಗಾಗುತ್ತದೆ ಎಂದು ದೂರುತ್ತಾನೆ. 1993ರಲ್ಲಿ ಟರ್ಕಿಯ ಎಫೆಸಸ್‌ನಲ್ಲಿ ಸಿಕ್ಕ ಗ್ಲಾಡಿಯೇಟರ್ ಸ್ಮಶಾನದ ಮೂಳೆಗಳ ಪರೀಕ್ಷೆಯೂ ಧಾನ್ಯ, ಕಾಳಿನ ಊಟವನ್ನೇ ಹೇಳಿತು. ಚರ್ಮದ ಕೆಳಗಿನ ಕೊಬ್ಬು ಕತ್ತಿಯೇಟು ಆಳಕ್ಕಿಳಿಯದಂತೆ ತಡೆಯುತ್ತಿತ್ತು ಎಂಬುದು ವಿದ್ವಾಂಸರ ಊಹೆ.

ಆದ್ದರಿಂದ ನನ್ನ ಆಳುಗಳಿಗೆಲ್ಲ ಹೊಟ್ಟೆ ಬರಿಸುತ್ತೇನೆ. ಹಳದಿ ಮತ್ತು ನೀಲಿ ಬಣ್ಣದ ಎರಡು ಎಪಾಕ್ಸಿ ಅಂಟುಗಳನ್ನು ನಾದಿದರೆ ಹಸಿರು ಹಿಟ್ಟಾಗುತ್ತದೆ, ಗ್ರೀನ್ ಸ್ಟಫ್ ಎನ್ನುತ್ತಾರೆ. ಸಾಸಿವೆ ಕಾಳಿನಷ್ಟು ತೆಗೆದು ಸೊಂಟಪಟ್ಟಿಯ ಮೇಲಂಚಿಗೆ ಒತ್ತಿ, ನೀರಲ್ಲಿ ಅದ್ದಿದ ಸೂಜಿಯ ಬೆನ್ನಿನಿಂದ ಮೇಲಕ್ಕೆ ಸವರಬೇಕು. ಎದೆಯ ಕೆಳಗೆ ಬರುವಾಗ ಅಂಚು ಕಾಣದಂತೆ ತೆಳುವಾಗಬೇಕು. ಅರ್ಧ ಮಿಲಿಮೀಟರ್ ಹೆಚ್ಚಾದರೂ ಪೈಲ್ವಾನ ಹೋಗಿ ಸಾಹುಕಾರ ಆಗುತ್ತಾನೆ. ಹದ ಸರಿಬಂದಾಗ ಕೈಯಲ್ಲಿರುವ ಪ್ಲಾಸ್ಟಿಕ್ ತುಂಡು ಒಮ್ಮೆಗೇ ತೂಕದ ಮನುಷ್ಯನಾಗುತ್ತದೆ. ನೆಲದ ಮೇಲೆ ಕಾಲೂರಿ ನಿಂತಿದ್ದಾನೆ ಎನ್ನಿಸುತ್ತದೆ. ಈ ಹವ್ಯಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಗಳಿಗೆ ಇದೇ.

ಹೊಲದಾಳುಗಳ ಗುರಾಣಿಯ ಬಗ್ಗೆ ಫ್ಲೋರಸ್ ಎಂಬ ರೋಮನ್ ಇತಿಹಾಸಕಾರ ಚೆನ್ನಾಗಿ ಹೇಳಿದ್ದಾನೆ: ಬಳ್ಳಿ, ಕಡ್ಡಿಗಳನ್ನು ಹೆಣೆದು ಮೇಲೆ ದನದ ಚರ್ಮ ಹೊದಿಸಿದರಂತೆ, ಗುಲಾಮರ ಸೆರೆಮನೆಯ ಕಬ್ಬಿಣ ಕರಗಿಸಿ ಕತ್ತಿ ಬಡಿದರಂತೆ. ಈ ಗುರಾಣಿಗಳು ಅಂಗಡಿಯಲ್ಲಿ ಸಿಗುವುದಿಲ್ಲ. ಅದೇ ಹಸಿರು ಹಿಟ್ಟನ್ನು ಬಿಲ್ಲೆಯಂತೆ ತಟ್ಟಿ, ಗೋಣಿದಾರವನ್ನು ಅಡ್ಡ ಉದ್ದ ಒತ್ತಿ ತೆಗೆದರೆ ಹೆಣಿಗೆಯ ಅಚ್ಚು ಮೂಡುತ್ತದೆ. ಚರ್ಮಕ್ಕೆ ತೆಳು ಕಾಗದವನ್ನು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ನೆನೆಸಿ ಹೊದಿಸುತ್ತೇನೆ. ಅಂಚಿನಲ್ಲಿ ಒಂದಿಷ್ಟು ಹರಿದುಬಿಟ್ಟರೆ ಒಳಗಿನ ಹೆಣಿಗೆ ಇಣುಕುತ್ತದೆ. ಕತ್ತಿಗಳಿಗೆ ಮಾತ್ರ ಬೆಳ್ಳಿ ಬಣ್ಣ ಹಚ್ಚುವುದಿಲ್ಲ. ಕಪ್ಪು ಕಬ್ಬಿಣ, ಅಲಗಿನ ಒಂದು ಗೆರೆ ಮಾತ್ರ ಮಸೆದ ಹೊಳಪು. ಸಂಕೋಲೆಯಿಂದ ಬಂದ ಕಬ್ಬಿಣ ಅಂಗಡಿಯ ಕತ್ತಿಯಂತೆ ಥಳಥಳಿಸಬಾರದು.

ಅಖಾಡದ ನಾಲ್ಕು ಹಲಗೆಗಳಲ್ಲಿ ಬಣ್ಣದ ಕೆಲಸ ಹೆಚ್ಚು. ಚಿಕ್ಕ ಗುರಾಣಿ, ತೊಡೆಯವರೆಗಿನ ಕಾಲ್ಗವಚ, ಗುರಾಣಿಯಂಚನ್ನು ಬಳಸಿ ಹಿಂದಿನಿಂದ ತಿವಿಯಬಲ್ಲ ಬಾಗಿದ ಕತ್ತಿ, ಇದು ಥ್ರೇಸಿಯನ್ ವೇಷ. ಕಂಚಿಗೆ ಮೊದಲು ಕಡುಗಂದು, ಅದು ಒಣಗಿದ ಮೇಲೆ ಹಿತ್ತಾಳೆ ಬಣ್ಣ, ಮೇಲೆ ಸಂದಿಗಳಿಗಿಳಿಯುವ ಕಂದು ವಾಶ್. ನೆತ್ತಿಯ ಮೇಲೆ ಬೆಳಕು ಬೀಳುವ ಜಾಗಕ್ಕಷ್ಟೇ ಕೊನೆಯ ಹೊಳಪಿನ ಚುಕ್ಕೆ. ಮಳೆಗಾಲದಲ್ಲಿ ಸ್ಪ್ರೇ ಪ್ರೈಮರ್ ಮುಟ್ಟುವ ಹಾಗಿಲ್ಲ. ಗಾಳಿಯ ತೇವಕ್ಕೆ ಮೈಮೇಲೆ ಬಿಳಿ ಪುಡಿ ಕೂತುಬಿಡುತ್ತದೆ. ಬೆಂಗಳೂರಿನ ಜುಲೈ, ಆಗಸ್ಟ್‌ನಲ್ಲಿ ಪ್ರೈಮರನ್ನೂ ಕುಂಚದಲ್ಲೇ ಹಚ್ಚುವುದು ಕ್ಷೇಮ.

ಬಲೆಗಾರ ಎಲ್ಲಿ ಎಂದು ಕೇಳುತ್ತೀರಿ. ಬಲೆ, ತ್ರಿಶೂಲ ಹಿಡಿದ ರೆಟಿಯಾರಿಯಸ್ ಇಲ್ಲದೆ ಗ್ಲಾಡಿಯೇಟರ್ ಎಂಬ ಕಲ್ಪನೆಯೇ ನಮಗೆ ಬರುವುದಿಲ್ಲ. ಆದರೆ ಅವನು ಕಾಣಿಸಿಕೊಳ್ಳುವುದು ಸ್ಪಾರ್ಟಕಸ್ ಸತ್ತ ಎಷ್ಟೋ ಕಾಲದ ಮೇಲೆ, ಚಕ್ರವರ್ತಿಗಳ ಯುಗದಲ್ಲಿ. ಹಾಗಾಗಿ ಈ ದಂಡಿನಲ್ಲಿ ಅವನಿಗೆ ಜಾಗವಿಲ್ಲ. ಬಿಡಲು ಮನಸ್ಸಾಗದೆ ಅವನನ್ನೂ ಅವನ ಖಾಯಂ ಎದುರಾಳಿ ಸೆಕ್ಯೂಟರನ್ನೂ ಬೇರೆಯೇ ಒಂದು ಹಲಗೆಯ ಮೇಲೆ ಜೋಡಿಯಾಗಿ ಮಾಡಿಟ್ಟಿದ್ದೇನೆ. ಬಲೆ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯದು. ಸೆಕ್ಯೂಟರ್‌ನ ಶಿರಸ್ತ್ರಾಣ ಬಲೆಗೆ ಸಿಗದಂತೆ ನುಣುಪು, ತ್ರಿಶೂಲದ ಮೊನೆ ಹೊಗದಂತೆ ಕಣ್ಣಿಗೆ ಎರಡೇ ಪುಟ್ಟ ತೂತು; ಮುಖ ಬರೆಯುವ ಕೆಲಸವೇ ಇಲ್ಲ. ಬಲೆಗಾರನ ಮುಖವೋ ಪೂರಾ ಬಯಲು. ಸಾಯುವಾಗ ಅವರ ಮುಖ ನೋಡಬೇಕೆಂದು, ಕ್ಲಾಡಿಯಸ್ ಚಕ್ರವರ್ತಿ ಎಡವಿ ಬಿದ್ದ ಬಲೆಗಾರರನ್ನೂ ಕೊಲ್ಲಿಸುತ್ತಿದ್ದನೆಂದು ಸ್ಯೂಟೋನಿಯಸ್ ಬರೆದಿದ್ದಾನೆ. ಅದನ್ನು ಓದಿದ ಮೇಲೆ ಆ ಮುಖವನ್ನು ಅವಸರದಲ್ಲಿ ಬರೆಯಲು ಕೈ ಬರುವುದಿಲ್ಲ. ಭಯವಿಲ್ಲದ, ಎದುರಾಳಿಯ ಕಾಲಿನ ಮೇಲೆಯೇ ಕಣ್ಣಿಟ್ಟ ಮುಖ ಬರೆದಿದ್ದೇನೆ.

ಇನ್ನು ಆಟ. ಪ್ರತಿ ಸರದಿಗೂ ಒಂದು ದಾಳ ಉರುಳಿಸಬೇಕು. ಬಿದ್ದಷ್ಟೇ ನಡೆ. ಒಂದಕ್ಕೊಂದು ಅಂಟಿ ನಿಂತ ತುಕಡಿಗಳು ಎಷ್ಟಿದ್ದರೂ ಒಂದೇ ನಡೆಯಲ್ಲಿ ಮುಂದೆ ಹೋಗುತ್ತವೆ. ಸಾಲು ಚದುರಿತೋ, ಪ್ರತಿಯೊಂದಕ್ಕೂ ಬೇರೆ ನಡೆ ತೆರಬೇಕು. ಗ್ಲಾಡಿಯೇಟರ್ ದಂಡಿನ ತೊಡಕೆಲ್ಲ ಈ ಒಂದು ನಿಯಮದೊಳಗಿದೆ. ಇದಕ್ಕೆ ಇತಿಹಾಸದ ಸಾಕ್ಷಿಯೂ ಉಂಟು. ಕ್ರಿ.ಶ. 69ರಲ್ಲಿ ಒಥೋ ಚಕ್ರವರ್ತಿ 2000 ಗ್ಲಾಡಿಯೇಟರ್‌ಗಳನ್ನು ತನ್ನ ಸೈನ್ಯಕ್ಕೆ ಸೇರಿಸಿಕೊಂಡ. ಪೋ ನದಿಯಲ್ಲಿ ತೂಗಾಡುವ ದೋಣಿಗಳ ಮೇಲಿಂದ ಜರ್ಮನ್ನರ ಎದುರು ಅವರ ಆಟ ನಡೆಯಲಿಲ್ಲ. ಸೈನಿಕರಿಗಿರುವ ಸ್ಥೈರ್ಯ ಯುದ್ಧದಲ್ಲಿ ಗ್ಲಾಡಿಯೇಟರ್‌ಗಳಿಗಿಲ್ಲ ಎಂದುಬಿಟ್ಟ ರೋಮನ್ ಇತಿಹಾಸಕಾರ ಟಾಸಿಟಸ್. ಆದರೆ ಕ್ರಿ.ಪೂ. 105ರಲ್ಲಿ ಇದೇ ರೋಮಿನ ಕಾನ್ಸಲ್ ರುಟಿಲಿಯಸ್ ತನ್ನ ಸೈನಿಕರಿಗೆ ಕತ್ತಿವರಸೆ ಕಲಿಸಲು ಗ್ಲಾಡಿಯೇಟರ್ ಶಾಲೆಯ ಗುರುಗಳನ್ನೇ ಕರೆಸಿದ್ದ. ಕೈಚಳಕದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಸಾಲಿನಲ್ಲಿ ನಿಲ್ಲುವುದನ್ನು ಅಂಥವರಿಗೆ ಕಲಿಸಿದವನು ಸ್ಪಾರ್ಟಕಸ್, ಅವನ ದೊಡ್ಡಸ್ತಿಕೆ ಅಲ್ಲಿದೆ. ಮೇಜಿನ ಮೇಲೆ ದಾಳದಲ್ಲಿ ಒಂದೇ ಬಿದ್ದಾಗಲೂ ಆರು ಹಲಗೆ ಒಟ್ಟಾಗಿ ಮುಂದೆ ಸರಿದರೆ, ಆ ಕೆಲಸದ ಕಷ್ಟ ಅರ್ಥವಾಗುತ್ತದೆ.

ಸ್ಪಾರ್ಟಕಸ್‌ನನ್ನು ಕುದುರೆಯ ಮೇಲೆ ಕೂರಿಸಿಲ್ಲ. ಕೊನೆಯ ಯುದ್ಧಕ್ಕೆ ಮುಂಚೆ ತನ್ನ ಕುದುರೆಯನ್ನು ತರಿಸಿ, ಕತ್ತಿಯಿಂದ ಕೊಂದು, ಗೆದ್ದರೆ ಶತ್ರುವಿನ ಕುದುರೆಗಳು ಬೇಕಾದಷ್ಟಿವೆ, ಸೋತರೆ ಕುದುರೆ ಬೇಕೇ ಇಲ್ಲ ಎಂದನಂತೆ. ಅವನ ಹಲಗೆಯಲ್ಲಿ ಸತ್ತ ಕುದುರೆ ಮಲಗಿದೆ, ಅವನು ಅದನ್ನು ದಾಟಿ ಕಾಲಿಡುತ್ತಿದ್ದಾನೆ. "ಮಾಮ, ಕುದುರೆ ಏನು ತಪ್ಪು ಮಾಡಿತ್ತು?" ಎಂದು ಅಕ್ಕನ ಮಗಳು ಕೇಳಿದಳು. "ಏನೂ ಮಾಡಿರಲಿಲ್ಲ ಪುಟ್ಟಿ. ತಾನೂ ಓಡಿಹೋಗಲ್ಲ ಅಂತ ಜೊತೆಯವರಿಗೆ ತೋರಿಸಬೇಕಿತ್ತು ಅವನಿಗೆ" ಎಂದೆ. ಆ ದಿನ ಅವನು ರೋಮನ್ ಸೇನಾಪತಿ ಕ್ರಾಸಸ್‌ನತ್ತ ನುಗ್ಗುತ್ತಾ ಇಬ್ಬರು ಸೆಂಚೂರಿಯನ್‌ಗಳನ್ನು ಕೊಂದು ತಾನೂ ಬಿದ್ದ. ಹೆಣ ಸಿಗಲಿಲ್ಲ. ಸೆರೆಸಿಕ್ಕ 6000 ಮಂದಿಯನ್ನು ಕಪುವಾದಿಂದ ರೋಮಿನವರೆಗೆ ಅಪ್ಪಿಯನ್ ರಸ್ತೆಯುದ್ದಕ್ಕೂ ಶಿಲುಬೆಗೇರಿಸಿದರು.

ಇವರಲ್ಲಿ ಹೆಸರು ಉಳಿದದ್ದು ಕ್ರಿಕ್ಸಸ್, ಈನೊಮಾಸ್‌ರಂಥ ಕೆಲವರದು ಮಾತ್ರ. ಉಳಿದವರಿಗೆ ನಂತರದ ಕಾಲದ ಸಮಾಧಿಗಳಿಂದ ಹೆಸರು ಎರವಲು ತಂದು ಹಲಗೆಯ ಅಡಿಯಲ್ಲಿ ಬರೆಯುತ್ತೇನೆ. ಸಿಸಿಲಿಯಲ್ಲಿ ಸಿಕ್ಕ ಒಂದು ಕಲ್ಲು ಫ್ಲಾಮಾ ಎಂಬವನದು: 30 ವರ್ಷ ಬದುಕಿದ, 34 ಬಾರಿ ಕಾದಿದ, 21 ಗೆದ್ದ, 9 ಸರಿಸಮ, 4 ಬಾರಿ ಸೋತು ಜೀವದಾನ ಪಡೆದ. ಹಾಕಿಸಿದವನು ಅವನ ಜೊತೆಗಾರ ಡೆಲಿಕಾಟಸ್. ನಮ್ಮೂರುಗಳ ವೀರಗಲ್ಲಿನಂತೆ, ಕಾದಿದವನನ್ನು ಬಲ್ಲವರೇ ನಿಲ್ಲಿಸಿದ ಕಲ್ಲು. ನನ್ನ ದಂಡಿನಲ್ಲಿ ಚೂರಿ ಹಿಡಿದ ಒಬ್ಬ ಫ್ಲಾಮಾ, ಅವನ ಪಕ್ಕದವ ಡೆಲಿಕಾಟಸ್.

ಇಂಥದ್ದೊಂದು ದಂಡು ಕಟ್ಟುವ ಮನಸ್ಸಿದ್ದವರಲ್ಲಿ ಒಂದು ಮಾತು ಕೇಳಿಕೊಳ್ಳುತ್ತೇನೆ. ಮಿರುಗುವ ಶಿರಸ್ತ್ರಾಣದ ಪೆಟ್ಟಿಗೆಯನ್ನು ಮೊದಲು ತರಿಸಬೇಡಿ. ಬರಿಮೈಯ ನಾಲ್ಕು ಅಗ್ಗದ ಪ್ರತಿಮೆ ಸಾಕು. ಅವುಗಳ ಕೈಯಿಂದ ಕತ್ತಿ ಕತ್ತರಿಸಿ ತೆಗೆದು, ತಂತಿಯ ತುಂಡಿನಿಂದ ಸಲಾಕೆ ಮಾಡಿ ಕೊಡಿ, ಬಾರ್ಲಿ ಉಂಡ ಹೊಟ್ಟೆ ಬರಿಸಿ, ಅಡಿಯಲ್ಲಿ ಹೆಸರು ಬರೆಯಿರಿ. ಅಡುಗೆಮನೆಯಿಂದ ಹೊರಟವರನ್ನು ಮೊದಲು ಮುಗಿಸಿ. ಗಾಡಿಗಳು ಆಮೇಲೆ ಬರಲಿ.