ಓದಿಸಿ ಕೇಳಿ ಹಾಕಿದ ಸಹಿ

ಬಿಳೇಕಹಳ್ಳಿಯ ವಿಜಯಾ ಬ್ಯಾಂಕ್ ಲೇಔಟಿನಲ್ಲಿ ಬೆಳಗಿನ ಹೊತ್ತು ಒಂದು ಸುತ್ತು ನಡೆದರೆ ತುಳು ಕಿವಿಗೆ ಬೀಳುತ್ತದೆ, ಕುಂದಾಪುರದ ಕನ್ನಡ ಬೀಳುತ್ತದೆ, ನಮ್ಮ ಕಾಸರಗೋಡು ಕಡೆಯ ಕನ್ನಡವೂ ಆಗೀಗ ಬೀಳುತ್ತದೆ. 1931ರಲ್ಲಿ ಮಂಗಳೂರಿನಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟರ ಮುಂದಾಳುತನದಲ್ಲಿ ಹುಟ್ಟಿದ ಬ್ಯಾಂಕು 1969ರಲ್ಲಿ ಮುಖ್ಯ ಕಚೇರಿಯನ್ನು ಬೆಂಗಳೂರಿಗೆ ತಂದಾಗ ಅದರ ಬೆನ್ನಿಗೆ ಕರಾವಳಿಯ ಸಂಸಾರಗಳೂ ಬಂದವು. ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿಹೋಯಿತು, ಬಡಾವಣೆಯ ಹೆಸರು ಹಾಗೆಯೇ ಉಳಿಯಿತು. ಇಲ್ಲಿರುವ ಕರಾವಳಿಯವರಲ್ಲಿ ಹೆಚ್ಚಿನವರಿಗೆ ಊರಲ್ಲೊಂದು ಮನೆ ಇದೆ. ಪಾರ್ಕಿನ ಬೆಂಚಿನಲ್ಲಿ ಕೂತು ಅವರು ಈಗ ಮಾತಾಡುವುದು ಆ ಮನೆಯನ್ನು ಏನು ಮಾಡುವುದು ಎಂದೇ.

ಮಾರುವವರೇ ಹೆಚ್ಚು. ಮಕ್ಕಳು ಬೆಂಗಳೂರಲ್ಲೋ ದುಬೈಯಲ್ಲೋ ಇದ್ದಾರೆ. ತೆಂಗಿನಕಾಯಿ ಕೊಯ್ಯಲು ಜನ ಸಿಗುವುದಿಲ್ಲ. ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸುವವರಿಲ್ಲ. ಊರಿನ ಮನೆ ಮಾರಿ ಬಂದ ಹಣ ಇಲ್ಲಿ ಫ್ಲಾಟಿನ ಮುಂಗಡವಾಗುತ್ತದೆ. ಅಲ್ಲಿ ಸೆಂಟ್ಸಿನ ಲೆಕ್ಕದಲ್ಲಿ ಮಾರಿ ಇಲ್ಲಿ ಚದರಡಿಯ ಲೆಕ್ಕದಲ್ಲಿ ಕೊಳ್ಳುತ್ತೇವೆ. ಒಂದು ಸೆಂಟ್ಸ್ ಎಂದರೆ 435.6 ಚದರಡಿ. ಬೆಂಗಳೂರಿನವರ ಮೂವತ್ತು-ನಲವತ್ತರ ಸೈಟು ನಮ್ಮೂರ ಲೆಕ್ಕದಲ್ಲಿ ಎರಡೂ ಮುಕ್ಕಾಲು ಸೆಂಟ್ಸ್, ಅಂದರೆ ಅಂಗಳ ಮತ್ತು ಬಾವಿಕಟ್ಟೆ ಹಿಡಿಯುವಷ್ಟು ಜಾಗ.

ನನ್ನ ಸೋದರಮಾವನ ಮನೆ ಕುಂಬಳೆಯಿಂದ ಪಡುವಕ್ಕೆ, ಮಳೆಗಾಲದ ರಾತ್ರಿ ಕಡಲಿನ ಸದ್ದು ಕೇಳುವಷ್ಟು ದೂರದಲ್ಲಿತ್ತು. ಅತ್ತೆ ತೀರಿಕೊಂಡ ಮೇಲೆ ಮಾವ ಒಬ್ಬರೇ ಆದರು. ಮಗಳು ಬಿಳೇಕಹಳ್ಳಿಯಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯಲ್ಲೇ ಬಾಡಿಗೆಗಿದ್ದಾಳೆ. ಮನೆ ಮಾರಿ, ಆ ಹಣಕ್ಕೆ ಅಳಿಯ ಒಂದಷ್ಟು ಸಾಲ ಸೇರಿಸಿ, ಇಲ್ಲೇ ಫ್ಲಾಟ್ ಕೊಳ್ಳುವುದೆಂದು ತೀರ್ಮಾನವಾಯಿತು. ಎರಡೂ ವ್ಯವಹಾರಗಳಲ್ಲಿ ಕಾಗದ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಕಾಸರಗೋಡಿನಲ್ಲಿ ಓದುವಾಗ ನಾನು ಮಲಯಾಳ ಅಕ್ಷರ ಕಲಿತಿದ್ದೆ, ಮಾವ ಕಲಿತಿರಲಿಲ್ಲ.

ಮಾವನಿಗೆ ಮಲಯಾಳ ಬಾರದೆಂದಲ್ಲ. ಮೀನಿನ ಮಾರ್ಕೆಟಿನಲ್ಲಿ, ಬಸ್ಸಿನಲ್ಲಿ, ಪಂಚಾಯತು ಮೆಂಬರರ ಜೊತೆ ಅವರು ಸಲೀಸಾಗಿ ಮಲಯಾಳ ಮಾತಾಡುತ್ತಾರೆ. ಮನೆಯಲ್ಲಿ ತುಳು, ದೇವಸ್ಥಾನದ ಲೆಕ್ಕಪುಸ್ತಕ ಮತ್ತು ಪೇಪರು ಕನ್ನಡ. ಅವರ ಕಾಲದ ಶಾಲೆ ಪೂರ್ತಿ ಕನ್ನಡ. ಗಡಿನಾಡಿನಲ್ಲಿ ಹೀಗೆ ಬೆಳೆದವರು ಬಹಳ ಮಂದಿ: ನಾಲಿಗೆಗೆ ಮೂರು ನಾಲ್ಕು ಭಾಷೆ ಒಗ್ಗಿದೆ, ಕಣ್ಣಿಗೆ ಒಂದೇ ಲಿಪಿ. ಮಾತಿನಲ್ಲಿ ಇದರಿಂದ ಯಾವ ತೊಂದರೆಯೂ ಇಲ್ಲ, ತೊಂದರೆ ಶುರುವಾಗುವುದು ಮುದ್ರೆ ಕಾಗದದಲ್ಲಿ.

ಅವರ ಟ್ರಂಕಿನಲ್ಲಿದ್ದ ಕಾಗದಗಳನ್ನು ಕಾಲಕ್ರಮದಲ್ಲಿ ಹರಡಿದರೆ ಊರಿನ ಚರಿತ್ರೆಯೇ ಬಿಚ್ಚಿಕೊಳ್ಳುತ್ತಿತ್ತು. ಅಡಿಯಲ್ಲಿದ್ದದ್ದು ಮದ್ರಾಸು ಸರಕಾರದ ಕಾಲದ ಮೂಲಗೇಣಿ ಪತ್ರ, ಮೋಡಿ ಕೈಬರಹದ ಕನ್ನಡ. ನಂಜ, ಪುಂಜ, ಬಾಗಾಯ್ತು ಎಂದು ಭೂಮಿಯ ಬಗೆ, ಮೂಡು-ತೆಂಕು-ಪಡು-ಬಡಗು ಎಂದು ಗಡಿಯ ವಿವರ, ಜಲ-ತರು-ಪಾಷಾಣ-ನಿಧಿ-ನಿಕ್ಷೇಪ ಎಂದು ಅಷ್ಟಭೋಗದ ಹಕ್ಕು, ಮನೆಯ ಬಾವಿಯಿಂದ ಪಕ್ಕದ ಹಿತ್ತಿಲಿನವರು ನೀರು ಸೇದಬಹುದೆಂಬ ಮಾತು, ಎಲ್ಲವೂ ಅದರಲ್ಲಿದ್ದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. 1970ರ ಜನವರಿ 1ರಂದು ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಗಿ ಗೇಣಿದಾರರಿಗೆ ಪಟ್ಟಯ ಸಿಕ್ಕಿತು, ಮಾವನ ತಂದೆಯ ಪಟ್ಟಯವೂ ಆ ಕಟ್ಟಿನಲ್ಲಿತ್ತು. ಅಲ್ಲಿಂದ ಈಚಿನದೆಲ್ಲ ಮಲಯಾಳ: ಭೂಕರದ ರಸೀದಿ, ತಂಡಪ್ಪೇರು ನಂಬರು, ಕೈವಶ ಸರ್ಟಿಫಿಕೇಟು, ಬಾಧ್ಯತೆಯ ಸರ್ಟಿಫಿಕೇಟು. ಮಾರಾಟವಾದ ಮೇಲೆ ಹೆಸರು ಬದಲಿಸುವುದಕ್ಕೆ ಪೋಕ್ಕುವರವು. ಬೆಂಗಳೂರಿನಲ್ಲಿ ಖಾತೆ ಮಾಡಿಸಿದಿರಾ ಎಂದು ಕೇಳುವ ಹಾಗೆ ನಮ್ಮಲ್ಲಿ ಪೋಕ್ಕುವರವು ಆಯಿತಾ ಎಂದು ಕೇಳುತ್ತಾರೆ.

ಕೊಳ್ಳುವವರು ಗಲ್ಫಿನಿಂದ ಮರಳಿದ್ದ, ಮನೆಮಾತು ಮಲಯಾಳವಾಗಿದ್ದ ಸಜ್ಜನರು. ಅವರು ಮೊದಲು ಕೇಳಿದ್ದು ಕಡಲಿನ ಗೆರೆಯ ವಿಷಯ. ಅದು ಸರಿಯಾದ ಪ್ರಶ್ನೆ. ಭರತದ ಗೆರೆಯಿಂದ 500 ಮೀಟರಿನೊಳಗಿನ ಜಾಗಕ್ಕೆ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಅನ್ವಯಿಸುತ್ತದೆ. 1991ರಲ್ಲಿ ಮೊದಲು ಬಂದ ಈ ನಿಯಮ 2011ರಲ್ಲಿ, 2019ರಲ್ಲಿ ಬದಲಾಗಿದೆ. ಇರುವ ಮನೆಯನ್ನು ಕೊಂಡು ಅದನ್ನು ಕೆಡವಿ ದೊಡ್ಡದು ಕಟ್ಟುತ್ತೇವೆ ಎನ್ನುವವರು ಇದನ್ನು ನೋಡದೆ ಅಡ್ವಾನ್ಸ್ ಕೊಡಬಾರದು. ಕೊಚ್ಚಿಯ ಮರಡಿನಲ್ಲಿ ನಿಯಮ ಮೀರಿ ಕಟ್ಟಿದ ಫ್ಲಾಟುಗಳನ್ನು 2020ರ ಜನವರಿಯಲ್ಲಿ ಸ್ಫೋಟಕ ಇಟ್ಟು ಉರುಳಿಸಿದ್ದನ್ನು ಕೇರಳದಲ್ಲಿ ಯಾರೂ ಮರೆತಿಲ್ಲ. ಎರಡನೆಯ ಪ್ರಶ್ನೆ, ದಾಖಲೆಯಲ್ಲಿ ಜಾಗ ‘ನಿಲಂ’ ಎಂದಿದೆಯೋ ‘ಪುರಯಿಡಂ’ ಎಂದಿದೆಯೋ. ‘ನಿಲಂ’, ಅಂದರೆ ಗದ್ದೆಯ ಜಾಗ, ಎಂದಿದ್ದರೆ 2008ರ ಭತ್ತದ ಗದ್ದೆ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥವಾದ ಮೇಲಂತೂ ರಸ್ತೆ ಬದಿಯ ಸೆಂಟ್ಸಿನ ಬೆಲೆ ಕೇಳಿದರೆ ಹಳಬರಿಗೆ ನಂಬಿಕೆಯೇ ಬರುವುದಿಲ್ಲ. ಬೆಲೆ ಏರಿದಷ್ಟೂ ಕಾಗದದ ಒಂದು ಸಾಲಿನ ತೂಕವೂ ಏರುತ್ತದೆ.

ಇಷ್ಟೆಲ್ಲ ತಿಳಿದಿದ್ದ ಎರಡೂ ಕಡೆಯವರು ಆಧಾರದ ಕರಡನ್ನು ಮಾತ್ರ ಓದಿರಲಿಲ್ಲ. ಕ್ರಯಪತ್ರವನ್ನು ನಮ್ಮಲ್ಲಿ ಆಧಾರ ಎಂದೇ ಕರೆಯುತ್ತಾರೆ. ಬ್ರೋಕರು ಅದನ್ನು ಮಾವನ ಮುಂದಿಟ್ಟು, ‘ಒನ್ನುಂ ಪೇಡಿಕ್ಕಂಡ, ಎಲ್ಲಾ ಸರಿ ಉಂಟು’ ಎಂದು ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ ಧೈರ್ಯ ಹೇಳಿದರು. ಮಾವ ಸಹಿ ಹಾಕಲು ಪೆನ್ನು ಹುಡುಕುತ್ತಿದ್ದರು.

‘ಮಾವ, ಒಮ್ಮೆ ಓದಿ ಹೇಳ್ತೇನೆ, ಕೇಳಿ’ ಎಂದೆ.

‘ಓದು ಮಾರಾಯ. ಎಂತ ಬರೆದಿದ್ದಾರೆ ಅಂತ ನನಗೂ ಗೊತ್ತಾಗ್ಲಿ.’

ಓದುತ್ತ ಹೋದೆ. ಸರ್ವೆ ನಂಬರು ಸರಿ, ವಿಸ್ತೀರ್ಣ ಸರಿ, ಗಡಿ ಸರಿ. ಬಾವಿಯ ಸಾಲು ಬಂದಾಗ ಮಾವ ಕೈಯೆತ್ತಿ ನಿಲ್ಲಿಸಿದರು. ಬಾವಿ, ದಾರಿ ಸಹಿತ ಸಕಲ ಹಕ್ಕುಗಳನ್ನೂ ಕೊಳ್ಳುವವರಿಗೆ ಬಿಟ್ಟುಕೊಟ್ಟಿದ್ದೇನೆ ಎಂದಿತ್ತು. ಪಕ್ಕದ ಹಿತ್ತಿಲಿನಲ್ಲಿ ಮಾವನ ತಂಗಿ, ನನ್ನ ಚಿಕ್ಕಮ್ಮ, ಇದ್ದಾರೆ. ಅವರ ಮನೆಗೆ ಬೇಸಗೆಯಲ್ಲಿ ನೀರು ಆ ಬಾವಿಯದ್ದೇ. ಅವರಲ್ಲಿ ತೋಡಿದ ಕೊಳವೆಬಾವಿಯಲ್ಲಿ ಉಪ್ಪುನೀರು ಬಂದಿತ್ತು. ಹಳೆಯ ಕನ್ನಡ ಪತ್ರದಲ್ಲಿ ಇದ್ದ ನೀರಿನ ಹಕ್ಕು ಮಲಯಾಳದ ಕರಡಿಗೆ ಬಂದಿರಲಿಲ್ಲ. ಯಾರೂ ಬೇಕೆಂದು ಬಿಟ್ಟದ್ದಲ್ಲ. ಬರೆದವರಿಗೆ ಕನ್ನಡದ ಮೋಡಿ ಅಕ್ಷರ ಓದಲು ಬರುತ್ತಿರಲಿಲ್ಲ, ಮಾವನಿಗೆ ಮಲಯಾಳದ ಅಚ್ಚು ಓದಲು ಬರುತ್ತಿರಲಿಲ್ಲ. ಕೊಳ್ಳುವವರಿಗೆ ವಿಷಯ ತಿಳಿಸಿದಾಗ ಅವರೇ ‘ಅದನ್ನು ಸೇರಿಸಿ, ನೀರಿಗೆ ಯಾರು ಬೇಡ ಅನ್ನುತ್ತಾರೆ’ ಎಂದರು. ಸಾಲು ಸೇರಿತು. ಆದರೆ ಆ ಸಹಿ ಹಾಗೆಯೇ ಬಿದ್ದಿದ್ದರೆ ಹತ್ತು ವರ್ಷದ ಮೇಲೆ ಆ ಮನೆ ಮೂರನೆಯವರ ಕೈಗೆ ಹೋದಾಗ ಚಿಕ್ಕಮ್ಮ ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತಿತ್ತು.

ನನ್ನನ್ನು ಕಾಡುವುದು ಇದು: ಆಧಾರವನ್ನು ಕನ್ನಡದಲ್ಲೇ ಬರೆಸಲು ಕಾನೂನು ಎಲ್ಲೂ ಅಡ್ಡ ಬರುವುದಿಲ್ಲ. 1908ರ ನೋಂದಣಿ ಕಾಯ್ದೆಯ 19ನೆಯ ಕಲಮು ಹೇಳುವುದಿಷ್ಟು. ಪತ್ರದ ಭಾಷೆ ನೋಂದಣಿ ಅಧಿಕಾರಿಗೆ ತಿಳಿಯದ್ದೂ ಆಗಿರಬೇಕು, ಆ ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿ ಇಲ್ಲದ್ದೂ ಆಗಿರಬೇಕು, ಆಗ ಮಾತ್ರ ಭಾಷಾಂತರ ಕೇಳಿ ತಿರಸ್ಕರಿಸಬಹುದು. ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಬಳಕೆಯಲ್ಲಿಲ್ಲ ಎಂದು ಯಾರು ಹೇಳಿಯಾರು? 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯೂ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸರಕಾರಿ ಕಚೇರಿಗಳ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು, ಉತ್ತರವನ್ನೂ ಕನ್ನಡದಲ್ಲೇ ಪಡೆಯಬಹುದು ಎನ್ನುತ್ತದೆ. ಕಾಸರಗೋಡಿನ ಕೆಲವು ಹುದ್ದೆಗಳಿಗೆ ಮಲಯಾಳದ ಜೊತೆ ಕನ್ನಡವೂ ಬಲ್ಲವರನ್ನೇ ಕೇರಳ ಲೋಕಸೇವಾ ಆಯೋಗ ಆರಿಸುತ್ತದೆ. ಗಡಿಯ ಮಾತು ಬಂದರೆ ನಾವು ಚಂದ್ರಗಿರಿಯ ಉತ್ತರದ ಭಾಗವನ್ನು ಮೈಸೂರಿಗೆ ಸೇರಿಸಬೇಕೆಂದ 1967ರ ಮಹಾಜನ ವರದಿಯನ್ನು ನೆನೆಯುತ್ತೇವೆ, ಕಯ್ಯಾರ ಕಿಞ್ಞಣ್ಣ ರೈಗಳನ್ನು ನೆನೆಯುತ್ತೇವೆ. ನೆನೆಯಲೇಬೇಕು. ಆದರೆ ಕೈಯಲ್ಲೇ ಇರುವ ಈ ಹಕ್ಕನ್ನು ಬಳಸದೆ ಬಿಟ್ಟಿರುವುದು ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ.

ಬಳಸದಿರುವುದಕ್ಕೆ ಕಾರಣಗಳಿವೆ. ಕೊಳ್ಳುವವರ ಬ್ಯಾಂಕಿಗೆ ಮಲಯಾಳ ಇಲ್ಲವೇ ಇಂಗ್ಲಿಷ್ ಬೇಕು. ಆಧಾರ ಬರೆಯುವವರ ಕಂಪ್ಯೂಟರಿನಲ್ಲಿ ಸಿದ್ಧ ನಮೂನೆ ಇರುವುದು ಮಲಯಾಳದಲ್ಲಿ. ಕನ್ನಡದಲ್ಲಿ ಆಧಾರ ಬರೆಯುತ್ತಿದ್ದ ಹಳಬರು ಒಬ್ಬೊಬ್ಬರೇ ಕಸುಬು ಬಿಟ್ಟಿದ್ದಾರೆ, ಮಕ್ಕಳು ಅದನ್ನು ಹಿಡಿದಿಲ್ಲ. ಕೇರಳದಲ್ಲಿ ಮುದ್ರಾಂಕ ಶುಲ್ಕ 8 ಶೇಕಡಾ, ನೋಂದಣಿ ಶುಲ್ಕ 2 ಶೇಕಡಾ. ಐವತ್ತು ಲಕ್ಷದ ಮನೆಗೆ ಐದು ಲಕ್ಷ ಸರಕಾರಕ್ಕೇ ಹೋಗುವಾಗ ಕಾಗದದ ಕೆಲಸ ಬೇಗ ಮುಗಿದರೆ ಸಾಕೆಂದು ಎಲ್ಲರಿಗೂ ಅನಿಸುತ್ತದೆ. 2024ರಲ್ಲಿ ‘ಎಂಡೆ ಭೂಮಿ’ ಯೋಜನೆಯಡಿ ಸರ್ವೆ, ಕಂದಾಯ, ನೋಂದಣಿ ಮೂರರ ದಾಖಲೆಗಳನ್ನೂ ಒಂದೇ ಕಡೆ ಜೋಡಿಸುವ ಕೆಲಸ ಶುರುವಾದಾಗ ಇಡೀ ಕೇರಳದಲ್ಲಿ ಮೊದಲ ಗ್ರಾಮವಾದದ್ದು ಮಂಜೇಶ್ವರ ತಾಲೂಕಿನ ಉಜಾರು ಉಳುವಾರು. ಕನ್ನಡಿಗರಿರುವ ಊರಿನಿಂದಲೇ ಆರಂಭವಾದ ಈ ಕೆಲಸದಲ್ಲಿ ದಾಖಲೆ ಕನ್ನಡದಲ್ಲೂ ಸಿಗಬೇಕೆಂದು ಕೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಬರಲಾರದು. ಹಳೆಯ ಪತ್ರಗಳಲ್ಲಿರುವ ಬಾವಿ, ಕಟ್ಟ, ಕಾಲುದಾರಿಯ ಹಕ್ಕುಗಳು ಹೊಸ ದಾಖಲೆಗೆ ದಾಟದೆ ಹೋದರೆ ಮತ್ತೆ ಹುಡುಕುವುದು ಕಷ್ಟ.

ಮಾವನ ಆಧಾರ ಕೊನೆಗೆ ಮಲಯಾಳದಲ್ಲೇ ಆಯಿತು, ಕೊಳ್ಳುವವರಿಗೆ ಬ್ಯಾಂಕಿನ ಸಾಲ ಇತ್ತಲ್ಲ. ಆದರೆ ಅದರ ಪೂರ್ತಿ ಕನ್ನಡ ಪಾಠವನ್ನು ಸಿದ್ಧಮಾಡಿ, ಎರಡನ್ನೂ ಸಾಲು ಸಾಲಾಗಿ ತಾಳೆ ನೋಡಿ, ಕನ್ನಡದ ಪ್ರತಿಗೂ ಇಬ್ಬರೂ ರುಜು ಹಾಕಿದರು. ಒಂದು ಪ್ರತಿ ಚಿಕ್ಕಮ್ಮನ ಕಪಾಟಿನಲ್ಲಿದೆ.

ಬಿಳೇಕಹಳ್ಳಿಯಲ್ಲಿ ಫ್ಲಾಟಿನ ಮಾತು ನಡೆದಾಗ ಮಲಯಾಳದ ಜಾಗದಲ್ಲಿ ಇಂಗ್ಲಿಷು ಬಂದು ಕೂತಿತ್ತು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಬೋರ್ಡು ಕನ್ನಡ, ಸಿಬ್ಬಂದಿಯ ಮಾತು ಕನ್ನಡ, ಕೈಗೆ ಬಂದ ಕ್ರಯಪತ್ರದ ಕರಡು ದಪ್ಪ ಇಂಗ್ಲಿಷು. ಎ ಷೆಡ್ಯೂಲಿನಲ್ಲಿ ಬೇಗೂರು ಹೋಬಳಿ, ಬಿಳೇಕಹಳ್ಳಿ ಗ್ರಾಮ, ಸರ್ವೆ ನಂಬರು. ಹಳ್ಳಿಯ ಗದ್ದೆ ತೋಟಗಳ ಮೇಲೆ ಅಪಾರ್ಟ್‌ಮೆಂಟು ಎದ್ದರೂ ಗ್ರಾಮದ ಹೆಸರು ಕಾಗದದಲ್ಲಿ ಬದುಕಿದೆ. ಬಿ ಷೆಡ್ಯೂಲಿನಲ್ಲಿ ಭೂಮಿಯ ಅವಿಭಾಜ್ಯ ಪಾಲು, ಸಿ ಷೆಡ್ಯೂಲಿನಲ್ಲಿ ಫ್ಲಾಟು. ಮಾವ ಪುಟ ತಿರುವಿ ನನ್ನ ಕೈಗೆ ಕೊಟ್ಟರು.

‘ಅಲ್ಲಿ ಮಲಯಾಳ, ಇಲ್ಲಿ ಇಂಗ್ಲಿಷು. ನಾನು ಕಲ್ತ ಕನ್ನಡ ಯಾವ ಆಫೀಸಿಗೆ ಆಗ್ತದೆ ಹೇಳು.’

ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಕರ್ನಾಟಕದಲ್ಲಿ ಕ್ರಯಪತ್ರ ಕನ್ನಡದಲ್ಲಿರಲು ಯಾರ ಅಡ್ಡಿಯೂ ಇಲ್ಲ, ಹಳ್ಳಿಗಳ ಜಮೀನಿನ ಪತ್ರಗಳು ಇಂದಿಗೂ ಕನ್ನಡದಲ್ಲೇ ಆಗುತ್ತವೆ. ಫ್ಲಾಟು ಎಂದ ಕೂಡಲೇ ಇಂಗ್ಲಿಷು ಬರುತ್ತದೆ. ಹೊಸ ಯೋಜನೆಯಲ್ಲಿ ಫ್ಲಾಟು ಕೊಳ್ಳುವವರಿಗೆ 2016ರ ರೇರಾ ಕಾಯ್ದೆಯ ರಕ್ಷಣೆ ಇದೆ: ಒಪ್ಪಂದ ನೋಂದಣಿಯಾಗುವ ಮೊದಲು ಬಿಲ್ಡರು ಬೆಲೆಯ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಪಡೆಯುವಂತಿಲ್ಲ, ಲೆಕ್ಕ ಕಾರ್ಪೆಟ್ ಏರಿಯಾದಲ್ಲೇ ಇರಬೇಕು. ಕೊಂಡವರಿಗೆ ಓದಲಾಗದ ಒಪ್ಪಂದದಲ್ಲಿ ಈ ರಕ್ಷಣೆ ಇದೆಯೋ ಇಲ್ಲವೋ ಎಂದು ಅವರಿಗೆ ತಿಳಿಯುವುದು ಹೇಗೆ? ನಾವು ನೋಡಿದ್ದು ಹಳೆಯ ಫ್ಲಾಟು. ಇ-ಖಾತಾ ಇತ್ತು, ಋಣಭಾರ ಪತ್ರ ಸರಿಯಿತ್ತು. ಅಳಿಯನ ಬ್ಯಾಂಕಿನವರನ್ನು ಕೇಳಿದಾಗ ಪತ್ರ ಕನ್ನಡದಲ್ಲಿದ್ದರೆ ತಮ್ಮ ಅಭ್ಯಂತರವಿಲ್ಲ ಎಂದರು. ಮಾರುವವರು ಕೋಲಾರದ ಕಡೆಯವರು, ಮನೆಯಲ್ಲಿ ತೆಲುಗು. ಕನ್ನಡದಲ್ಲಿ ಬರೆಸೋಣವೇ ಎಂದು ಕೇಳಿದಾಗ, ‘ನಮ್ಮ ತಂದೆಯೂ ಓದಬಹುದು, ಹಾಗೇ ಮಾಡಿ ಸರ್’ ಎಂದು ಆ ಕ್ಷಣವೇ ಒಪ್ಪಿದರು. ಅದುವರೆಗೆ ಆ ಮಾತನ್ನು ಅವರ ಮುಂದೆ ಯಾರೂ ಎತ್ತಿರಲಿಲ್ಲ, ಅಷ್ಟೆ.

ಬನಶಂಕರಿಯ ಕಡೆಯ ಒಬ್ಬ ಪತ್ರ ಬರಹಗಾರರು ಕನ್ನಡದ ಕರಡು ಮಾಡಿಕೊಟ್ಟರು. ಅದು ವಾರದಿಂದ ಮಾವನ ಬಳಿ ಇದೆ. ನಾನು ಓದಿ ಹೇಳುವ ಅಗತ್ಯ ಬೀಳಲಿಲ್ಲ. ಕಾರು ನಿಲ್ಲಿಸುವ ಜಾಗದ ನಂಬರು ಸಿ ಷೆಡ್ಯೂಲಿನಲ್ಲಿ ಒಂದಿದೆ, ಒಳಗಿನ ಪುಟದಲ್ಲಿ ಇನ್ನೊಂದಿದೆ ಎಂದು ಅವರೇ ಕಂಡುಹಿಡಿದು ಪೆನ್ಸಿಲಿನಿಂದ ಗುರುತು ಹಾಕಿದ್ದಾರೆ. ಸೋಮವಾರ ಅದನ್ನು ತಿದ್ದಿಸಬೇಕು.