ಕಿವಿಗೆ ಬೀಳದ ಮಾತು

ಗಲ್ಫಿನ ದುಡಿಮೆಯ ನಂಟಿಲ್ಲದ ಊರು ಕಾಸರಗೋಡಿನ ಕರಾವಳಿಯಲ್ಲಿ ಅಪರೂಪ. ರಜೆಯಲ್ಲಿ ಬರುವ ಮಗನನ್ನೋ ಗಂಡನನ್ನೋ ಕರೆತರಲು ಮನೆಯವರು ತಲಪಾಡಿ ದಾಟಿ ಬಜಪೆಯ ಗುಡ್ಡವನ್ನೇರುವುದು ಇಲ್ಲಿನ ವಾಡಿಕೆ. 2010ರ ಮೇ 22ರ ಮುಂಜಾನೆಯೂ ಹಾಗೆ ಕಾದು ನಿಂತವರಿದ್ದರು. ದುಬೈಯಿಂದ ಬಂದ ವಿಮಾನ ರನ್‌ವೇ ಮೀರಿ ಕೆಂಜಾರಿನ ಕಣಿವೆಗುರುಳಿ ಹೊತ್ತಿ ಉರಿಯಿತು. ಅದರಲ್ಲಿದ್ದ 166 ಮಂದಿಯಲ್ಲಿ ಬದುಕಿದವರು ಎಂಟೇ ಜನ.

ನಿವೃತ್ತ ಏರ್ ಮಾರ್ಷಲ್ ಗೋಖಲೆಯವರ ನೇತೃತ್ವದ ವಿಚಾರಣೆ ಹೊರಗೆಡಹಿದ ಸಂಗತಿಗಳು ಮನಸ್ಸನ್ನು ಕಲಕುವಂಥವು. ಧ್ವನಿಮುದ್ರಿಕೆಯ ಮೊದಲ ಒಂದು ಗಂಟೆ ನಲವತ್ತು ನಿಮಿಷ ಮುಖ್ಯ ವೈಮಾನಿಕರು ನಿದ್ರೆಯಲ್ಲಿದ್ದರು. ವಿಮಾನ ಇರಬೇಕಾದುದಕ್ಕಿಂತ ಬಹಳ ಎತ್ತರದಿಂದ, ಅತಿವೇಗದಲ್ಲಿ ಇಳಿಯಿತು. 8,033 ಅಡಿ ಉದ್ದದ ರನ್‌ವೇಯಲ್ಲಿ ಅದು ನೆಲ ಮುಟ್ಟುವಾಗ ಸುಮಾರು 5,200 ಅಡಿ ಹಿಂದೆ ಸರಿದಿತ್ತು. ಇಳಿಯುವುದು ಬೇಡ, ಮತ್ತೆ ಮೇಲೇರೋಣವೆಂದು ಸಹವೈಮಾನಿಕರು ಮೂರು ಬಾರಿ ಹೇಳಿದ್ದರು. ಆ ಮಾತಿಗೆ ಬೆಲೆ ಸಿಗಲಿಲ್ಲ.

ತಪ್ಪನ್ನು ಸತ್ತವರ ಮೇಲೆ ಹೊರಿಸುವುದು ಸುಲಭ. ಅವರು ಎದುರುತ್ತರ ಕೊಡುವುದಿಲ್ಲ. ಆದರೆ ಕಿರಿಯರ ಎಚ್ಚರಿಕೆಗೆ ಬಲವಿಲ್ಲದಂತೆ ಬೆಳೆದ ವ್ಯವಸ್ಥೆಗೆ, ರಾತ್ರಿಯಿಡೀ ದುಡಿವ ದಣಿವನ್ನು ಕಡೆಗಣಿಸಿದ ವೇಳಾಪಟ್ಟಿಗೆ ಹೊಣೆ ಯಾರು? ಅಪಘಾತ ತನಿಖೆಯ ಗುರಿ ದೂಷಿಸುವುದಲ್ಲ, ಮತ್ತೊಂದು ಅಪಘಾತವನ್ನು ತಡೆಯುವುದು ಎಂಬುದು ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ತತ್ತ್ವ. ತಡೆಯಲಾಯಿತೇ ಎಂಬುದೇ ಆದ್ದರಿಂದ ನಿಜವಾದ ಪರೀಕ್ಷೆ.

2020ರ ಆಗಸ್ಟ್ 7ರ ಮಳೆಯ ರಾತ್ರಿ ಆ ಪರೀಕ್ಷೆ ಎದುರಾಯಿತು. ಮತ್ತೆ ದುಬೈಯಿಂದ ಬಂದ ವಿಮಾನ; ಮತ್ತೆ ಗುಡ್ಡದ ನೆತ್ತಿಯನ್ನು ತಟ್ಟು ಮಾಡಿ ಕಟ್ಟಿದ ರನ್‌ವೇ. ಕೋಯಿಕ್ಕೋಡಿನಲ್ಲಿ 21 ಜನ ಸತ್ತರು. ಮರುವರ್ಷದ ವರದಿಯ ಪ್ರಕಾರ ಅಲ್ಲಿಯೂ ವಿಮಾನ ಅರ್ಧ ರನ್‌ವೇ ದಾಟಿ ನೆಲ ಮುಟ್ಟಿತ್ತು, ಮೇಲೇರಬೇಕೆಂಬ ಸಹವೈಮಾನಿಕರ ಮಾತು ಅಲ್ಲಿಯೂ ವ್ಯರ್ಥವಾಗಿತ್ತು. ಹತ್ತು ವರ್ಷಗಳ ಅಂತರದ ಎರಡು ವರದಿಗಳನ್ನು ಜೊತೆಗಿಟ್ಟು ಓದಿದವರಿಗೆ, ಒಂದೇ ಪುಟವನ್ನು ಎರಡು ಸಲ ಓದಿದಂತೆನಿಸಿದರೆ ಅಚ್ಚರಿಯಿಲ್ಲ.

ಈ ನಡುವೆ ಏನೂ ಆಗಲಿಲ್ಲವೆಂದಲ್ಲ. 2012ರಲ್ಲಿ ವಿಮಾನ ಅಪಘಾತ ತನಿಖಾ ಬ್ಯೂರೋ ಹುಟ್ಟಿತು. 2014ರಲ್ಲಿ, ತಪಾಸಕರ ಕೊರತೆ ಮೊದಲಾದ ಕಾರಣಗಳಿಂದ ಅಮೆರಿಕ ಭಾರತದ ಸುರಕ್ಷತಾ ದರ್ಜೆಯನ್ನು ಇಳಿಸಿದಾಗ ಸರ್ಕಾರ ಎಚ್ಚೆತ್ತಿತು. ಮರುವರ್ಷ ದರ್ಜೆ ಮರಳಿ ದೊರೆಯಿತು. ಆದರೆ ನಿಯಮ ರೂಪಿಸಿ ಪಾಲನೆಯನ್ನು ನೋಡಿಕೊಳ್ಳುವ ಮಹಾನಿರ್ದೇಶನಾಲಯವೂ ಅಪಘಾತವನ್ನು ತನಿಖೆ ಮಾಡುವ ಬ್ಯೂರೋವೂ ಒಂದೇ ಸಚಿವಾಲಯದ ಕೈಕೆಳಗಿವೆ. ಮೇಲ್ವಿಚಾರಣೆಯ ಲೋಪವೇ ಕಾರಣವಾದಲ್ಲಿ, ಅದನ್ನು ಒಂದೇ ಮನೆಯವರು ಎಷ್ಟು ನಿರ್ಭಿಡೆಯಿಂದ ಬರೆದಾರು? ಅಮೆರಿಕ ತನ್ನ ತನಿಖಾ ಮಂಡಳಿಯನ್ನು ಸಾರಿಗೆ ಇಲಾಖೆಯಿಂದ ಬೇರ್ಪಡಿಸಲು 1974ರಲ್ಲಿಯೇ ಶಾಸನ ಮಾಡಿತು. 2025ರ ಜೂನ್ 12ರ ಅಹಮದಾಬಾದ್ ದುರಂತದ ತನಿಖೆಯೂ ಇದೇ ಬ್ಯೂರೋದ ಪಾಲಿಗೆ ಬಂದಿದೆ.

ಶಿಫಾರಸು ಬರೆದವರಿಗೆ ಅದನ್ನು ಜಾರಿಗೆ ತರಿಸುವ ಅಧಿಕಾರವಿಲ್ಲ; ಜಾರಿಗೆ ತರಬೇಕಾದವರನ್ನು ಕೇಳುವವರಿಲ್ಲ. ಪ್ರತಿಯೊಂದು ಶಿಫಾರಸಿನ ಗತಿಯೇನಾಯಿತೆಂದು ವರ್ಷಕ್ಕೊಮ್ಮೆ ಸಂಸತ್ತಿನ ಮುಂದಿಟ್ಟರೆ ಅಷ್ಟಾದರೂ ಬೆಳಕು ಬಿದ್ದೀತು. ಸಹವೈಮಾನಿಕರ ಮಾತಿಗೆ ಅಂದು ಒದಗಿದ ಗತಿ ವರದಿಗಳಿಗೂ ಒದಗಬಾರದು.

ಬಜಪೆಯ ಗುಡ್ಡವೇರಿ ಕಾಯುವವರು ಇಂದಿಗೂ ಇದ್ದಾರೆ. ಅವರು ಕೇಳುವುದು ಪರಿಹಾರದ ಮೊತ್ತವನ್ನಲ್ಲ. ಹೊರಟವರು ಮನೆ ಮುಟ್ಟಲಿ ಎಂಬುದನ್ನಷ್ಟೆ.